ಅಪ್ಪನ ಚೌಕಟ್ಟು, ನನ್ನ ಕ್ಯಾನ್ವಾಸು

ಒಂದೇ ಮನೆಯಲ್ಲಿ ಚಿತ್ರ ಬರೆಯುವವರೊಬ್ಬರು, ಬಡಗಿಯೊಬ್ಬರು ಇದ್ದರೆ ಕೆಲವು ಸಂಗತಿಗಳು ನಡೆದೇ ತೀರುತ್ತವೆ. ತಡೆಯಲು ನಾನು ಪ್ರಯತ್ನಿಸಿದ್ದೇನೆ, ಆಗಿಲ್ಲ.

ನಾನು ಚಿತ್ರಕಲೆಯಲ್ಲಿ ಪದವಿ ಪಡೆದವಳು. ನಾಲ್ಕು ವರ್ಷಗಳಲ್ಲಿ ಪ್ರಪಂಚದ ಕಲಾಪಂಥಗಳ ಹೆಸರೆಲ್ಲ ಬಾಯಿಪಾಠವಾದವು. ಬರೆಯುವ ಬಟ್ಟೆಯನ್ನು ಹದಗೊಳಿಸುವುದು ಹೇಗೆಂದು ಮಾತ್ರ ಒಬ್ಬರೂ ಹೇಳಿಕೊಡಲಿಲ್ಲ. ‘ಅಂಗಡೀಲಿ ಸಿಗುತ್ತೆ’ ಎಂಬುದೇ ಪಾಠ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಅಪ್ಪ ಬ್ಯಾಟರಾಯನಪುರದಲ್ಲಿ ಮೂವತ್ತೈದು ವರ್ಷ ಬಾಗಿಲು ಮಾಡಿದವರು. ಈಗ ಹುಣಸಮಾರನಹಳ್ಳಿಯ ಕಡೆ ಏಳುತ್ತಿರುವ ಅಪಾರ್ಟ್‌ಮೆಂಟುಗಳಿಗೆ ಬಾಗಿಲುಗಳು ಚೌಕಟ್ಟು, ಚಿಲಕ ಸಮೇತ ಲಾರಿಯಲ್ಲಿ ಬಂದಿಳಿಯುತ್ತವೆ. ಅಪ್ಪನ ಉಳಿಗಳು ಎಂಟು ತಿಂಗಳಿಂದ ಗೋಣಿಚೀಲದಲ್ಲಿವೆ.

ಹೀಗಿರುವಾಗ ಹೆಬ್ಬಾಳದ ಒಂದು ಗುಂಪು ಪ್ರದರ್ಶನದಲ್ಲಿ ನನಗೆ ಜಾಗ ಸಿಕ್ಕಿತು: ನಾಲ್ಕಡಿಗೆ ಮೂರಡಿಯ ಒಂದು ಚಿತ್ರ. ರೆಡಿಮೇಡ್ ಕ್ಯಾನ್ವಾಸ್ ತರುತ್ತೇನೆಂದು ಊಟದ ಹೊತ್ತಿನಲ್ಲಿ ಹೇಳಿದೆ. ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು.

“ಬಾಗ್ಲು ರೆಡಿಮೇಡ್ ಆಯ್ತು. ಈಗ ನನ್ ಮನೇಗೂ ಚೌಕಟ್ಟು ಅಂಗಡಿಯಿಂದ ಬರ್ಬೇಕೇನವ್ವಾ?”

ನಾನು ತಂದೇಬಿಟ್ಟೆ.

ಒಂದು ನೂಲು

ಅಪ್ಪ ಅದನ್ನು ಬೈಯಲಿಲ್ಲ. ಗೋಣಿಚೀಲದಿಂದ ಮೂಲೆಮಟ್ಟ ತೆಗೆದು ನಾಲ್ಕೂ ಮೂಲೆಗೆ ಹಿಡಿದು ನೋಡಿದರು. “ಒಂದ್ ನೂಲು ಔಟು” ಎಂದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದವರಂತೆ.

“ಒಂದು ನೂಲು ಅಂದ್ರೆ ಮೂರು ಮಿಲಿಮೀಟರ್ ಅಪ್ಪಾ. ಯಾರಿಗೂ ಕಾಣಲ್ಲ.”

“ನಂಗ್ ಕಾಣ್ತದೆ.”

ಮಧ್ಯಾಹ್ನ ನಾನು ಹೊರಗೆ ಹೋಗಿ ಬರುವಷ್ಟರಲ್ಲಿ ಪಿನ್ನುಗಳನ್ನೆಲ್ಲ ಕಿತ್ತು, ಮರ ಹೆರೆದು, ಬಟ್ಟೆಯನ್ನು ಮತ್ತೆ ಬಿಗಿದಿದ್ದರು. ಮೂಲೆಗಳು ನಿರ್ದುಷ್ಟವಾಗಿದ್ದವು. ಬಿಳಿ ಲೇಪವಿದ್ದ ಮೈ ಒಳಕ್ಕೆ ಹೋಗಿ, ಹಸಿ ಬಟ್ಟೆ ಹೊರಗೆ ಬಂದಿತ್ತು.

“ಏನಪ್ಪಾ ಇದು, ತಿರುಗಾ ಮುರುಗಾ?”

“ಆ ಕಡೆ ಯಾರೋ ಆಗ್ಲೇ ಬಳ್ದ್‌ಬಿಟ್ಟಿದ್ರು ಕಣವ್ವಾ. ಅದಕ್ಕೇ ಖಾಲಿ ಇರೋ ಕಡೆ ನಿಂಗ್ ಕೊಟ್ಟಿದೀನಿ.”

ಗಂಜಿ

ಸರಿ, ಸ್ವಂತ ತಯಾರಿಯೇ ಆಗಲಿ ಎಂದು ಒಪ್ಪಿಕೊಂಡೆ. ಯಾರೋ ಬೇಡವೆಂದ ಬಾಗಿಲಿನಿಂದ ಉಳಿದಿದ್ದ ತೇಗದಲ್ಲಿ ಅಪ್ಪ ಹೊಸ ಚೌಕಟ್ಟು ಮಾಡಿದರು. ಅದು ಬಾಗಿಲಿನಷ್ಟೇ ಭಾರವಿತ್ತು. ಬಿಳಿ ಕಾಟನ್ ಬಟ್ಟೆ ಬಿಗಿದಿದ್ದಾಯಿತು. ಇನ್ನು ಎಣ್ಣೆಬಣ್ಣ ಬಟ್ಟೆಗೆ ಇಳಿಯದಂತೆ ಮೊದಲು ಮರವಜ್ರದ ಅಂಟನ್ನು ಕಾಯಿಸಿ ಹಚ್ಚಬೇಕು. ಅದನ್ನು ತರಲು ಯಶವಂತಪುರಕ್ಕೆ ಹೊರಟವಳು ಅಮ್ಮನಿಗೆ ಇಷ್ಟೇ ವಿವರಿಸಿದೆ: “ಬಟ್ಟೆ ಗಟ್ಟಿಯಾಗಿ ನಿಲ್ಲಬೇಕು, ಅದಕ್ಕೆ.”

ಅಮ್ಮನಿಗೆ ಅಷ್ಟು ಸಾಕಾಯಿತು. ಬಟ್ಟೆ ಗಟ್ಟಿಯಾಗಿ ನಿಲ್ಲಬೇಕಾದರೆ ಅವರ ಕಾಟನ್ ಸೀರೆಗಳಿಗೆ ಏನಾಗುತ್ತದೋ ಅದೇ ಇದಕ್ಕೂ ಆಯಿತು. ದಪ್ಪಗೆ ಅನ್ನದ ಗಂಜಿ ಬಳಿದು, ಎರಡು ತೊಟ್ಟು ನೀಲಿಯನ್ನೂ ಸೇರಿಸಿ, ಕಾಂಪೌಂಡಿನ ಹೊರಗೆ ಬಿಸಿಲಿಗೆ ಒರಗಿಸಿದ್ದರು. ನಾನು ಹಿಂತಿರುಗಿದಾಗ ಪಕ್ಕದ ಮನೆಯ ಹಸು ಎಡಗಡೆಯಿಂದ ಶುರುಮಾಡಿ ನಡುವಿನವರೆಗೆ ನೆಕ್ಕಿ ಮುಗಿಸಿತ್ತು. ನನ್ನ ಕೆಲಸದಲ್ಲಿ ಅಷ್ಟು ಹೊತ್ತು ಆಸಕ್ತಿ ತೋರಿದವರು ಕಾಲೇಜಿನಲ್ಲಿ ಇರಲಿಲ್ಲ.

ಅಮ್ಮ ಸೆರಗಿನಿಂದ ಬಟ್ಟೆ ಒರೆಸುತ್ತ, “ಓಡ್ಸೋಕ್ ಮನಸ್ ಬರ್ಲಿಲ್ಲ ಕಣೇ, ಅಷ್ಟ್ ಇಷ್ಟಪಟ್ಟು ತಿಂತಿತ್ತು” ಎಂದರು.

ಅಪ್ಪ ಬಂದು, ಬಟ್ಟೆಯನ್ನು ನೋಡದೆ, ಚೌಕಟ್ಟನ್ನು ಹಿಡಿದು ಅಲ್ಲಾಡಿಸಿದರು. “ಕೊಂಬಲ್ ತಿವ್ದದೆ. ಆದ್ರೂ ಒಂಚೂರ್ ಮಿಸುಕಿಲ್ಲ ನೋಡು.”

ಉಪ್ಪುಕಾಗದ

ಹೊಸ ಬಟ್ಟೆ, ಈ ಸಲ ನಿಜವಾದ ಅಂಟು. ಅದು ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ಮತ್ತು ಬಿಳಿ ಬಣ್ಣದ ಲೇಪ. ಪ್ರತಿ ಲೇಪಕ್ಕೂ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜುವುದು. ಉಜ್ಜುವ ಕೆಲಸ ಅಪ್ಪ ಕೇಳಿ ತೆಗೆದುಕೊಂಡರು. ಎಂಟು ತಿಂಗಳ ನಂತರ ಅವರ ಮೀಸೆಯ ಮೇಲೆ ಬಿಳಿ ಧೂಳು ಕಂಡೆ. ಹಾಗಾಗಿ ಮೂರು ಲೇಪಕ್ಕೆ ನಿಲ್ಲಿಸಬೇಕಾದವಳು ನಿಲ್ಲಿಸಲಿಲ್ಲ. ಏಳಾಯಿತು. ಮೇಲ್ಮೈ ಗಾಜಿನಂತಾಯಿತು, ಬಣ್ಣದ ಕುಂಚ ಅದರ ಮೇಲೆ ಜಾರಿತು.

“ಅಪ್ಪಾ, ಬಣ್ಣ ಹಿಡೀಬೇಕಂದ್ರೆ ಸ್ವಲ್ಪ ಒರಟಿರಬೇಕು. ಕೆಡಿಸ್ಬೇಕು ಇದನ್ನ.”

ಅಪ್ಪ ದಪ್ಪ ಉಪ್ಪುಕಾಗದ ಹಿಡಿದು ಎರಡು ಸಲ ಪ್ರಯತ್ನಿಸಿದರು. ಕೈ ತಾನಾಗಿಯೇ ನುಣುಪು ಮಾಡುತ್ತಿತ್ತು.

“ನೀನೇ ಮಾಡ್ಕೊಳವ್ವಾ” ಎಂದು ಕಾಗದ ಕೊಟ್ಟು, ಕುರ್ಚಿಯನ್ನು ಬೀದಿಯ ಕಡೆ ತಿರುಗಿಸಿ ಕೂತರು, ಮಗುವಿಗೆ ಕಿವಿ ಚುಚ್ಚುವಾಗ ತಾಯಂದಿರು ಕೂರುವಂತೆ. ನಾನು ಉಜ್ಜಿದಷ್ಟು ಹೊತ್ತೂ ಬೆನ್ನು ಹಾಕಿಕೊಂಡೇ ಕೇಳುತ್ತಿದ್ದರು: “ಮುಗೀತಾ? ಇನ್ನೂ ಇದ್ಯಾ?”

ಹೆಬ್ಬಾಳದಲ್ಲಿ

ಪ್ರದರ್ಶನದ ಮೊದಲ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಹನ್ನೊಂದು ಚಿತ್ರಗಳು ರೆಡಿಮೇಡ್ ಕ್ಯಾನ್ವಾಸಿನಲ್ಲಿದ್ದವು. ಹನ್ನೆರಡನೆಯದು ನನ್ನದು. ಭಾರ ತಡೆಯಲು ಅದೊಂದಕ್ಕೆ ಮಾತ್ರ ಎರಡು ಮೊಳೆ ಹೊಡೆದಿದ್ದರು. ಒಂದು ಗಂಟೆಯಲ್ಲಿ ಅದರ ಮುಂದೆ ನಿಂತವರು ಇಬ್ಬರು. ಒಬ್ಬರು ಶೌಚಾಲಯ ಎಲ್ಲಿದೆ ಎಂದು ಕೇಳಿದರು.

ಬೇಸರದಿಂದ ಕಾಫಿಗೆ ಹೋಗಿ ಬಂದೆ. ನನ್ನ ಚಿತ್ರದ ಬಳಿ ಗುಂಪು ನೆರೆದಿತ್ತು. ಇಡೀ ಹಾಲಿನಲ್ಲಿ ಬೇರೆಲ್ಲೂ ಅಷ್ಟು ಜನರಿರಲಿಲ್ಲ. ದಾರಿ ಬಿಡಿಸಿಕೊಂಡು ಹತ್ತಿರ ಹೋದೆ. ಅಪ್ಪ ಚಿತ್ರವನ್ನು ಇಳಿಸಿ, ಮುಖವನ್ನು ಗೋಡೆಗೆ ತಿರುಗಿಸಿ, ಅದರ ಬೆನ್ನಿನ ಚೌಕಟ್ಟನ್ನು ತೋರಿಸುತ್ತಿದ್ದರು.

“ಮೊಳೆ ಇಲ್ಲ ಸಾಮಿ, ಅಂಟಿಲ್ಲ. ಈ ಮರದ ತುದಿ ಆ ಮರದೊಳಗೆ ಕೂತದೆ, ಅಷ್ಟೇಯ. ಇಂಗ್ ಹಿಡ್ದು ಎಳೀರಿ, ಎಳೀರಿ ಪರ್ವಾಗಿಲ್ಲ.”

ಒಬ್ಬರು ಬ್ಯಾಗು ಕೆಳಗಿಟ್ಟು ನಿಜವಾಗಿಯೂ ಎಳೆದು ನೋಡಿದರು. ಯಲಹಂಕದಲ್ಲಿ ಮನೆ ಕಟ್ಟಿಸುತ್ತಿದ್ದೇನೆ, ಮುಂಬಾಗಿಲು ಹೀಗೇ ಕೈಯಲ್ಲಿ ಮಾಡಿಕೊಡುತ್ತೀರಾ ಎಂದು ವಿಚಾರಿಸಿದರು. ಅಪ್ಪ ಜೇಬಿನಿಂದ ಅಳತೆ ಟೇಪು ತೆಗೆದರು. ಪ್ರದರ್ಶನಕ್ಕೆ ಅದನ್ನು ಯಾಕೆ ತಂದಿದ್ದರೆಂದು ನಾನು ಕೇಳಲಿಲ್ಲ.

ಹಿಂದೆ ನಿಂತಿದ್ದ ಹೆಂಗಸೊಬ್ಬರು ಸಂಕೋಚದಿಂದ ಕೇಳಿದರು: “ಯಜಮಾನ್ರೇ, ಮುಂದ್ಗಡೆ ಏನ್ ಚಿತ್ರ ಇದೆ?”

“ಅದಾ? ಅದು ನಾನೇ ಕಣಮ್ಮಾ, ಬಾಗ್ಲು ಹೆರೀತಾ ಕೂತಿದೀನಿ. ಆಮೇಲ್ ನೋಡೀರಂತೆ, ಎಲ್ಲೂ ಓಡೋಗಲ್ಲ” ಎಂದರು ಅಪ್ಪ. “ಮೊದ್ಲು ಈ ಮೂಲೆ ನೋಡಿ.”