ಗಂಗಾಧರಪ್ಪನ ಚಕ್ಕಳಮಕ್ಕಳ

ಗಂಗಾಧರಪ್ಪ ಆ ಮಾತನ್ನು ಬಾಯಿ ಬಿಟ್ಟು ಹೇಳಬಾರದಿತ್ತು. ಸವೆದುಹೋದ ಎರಡು ಮಂಡಿಗಳ ಜಾಗಕ್ಕೆ ಸ್ಟೀಲಿನ ಮಂಡಿ ಹಾಕಲು ಬೆಂಗಳೂರಿನ ಆಸ್ಪತ್ರೆಯವರು ದಿನ ಕೊಟ್ಟಿದ್ದರು. ಆಪರೇಷನ್ ಆದಮೇಲೆ ಚಕ್ಕಳಮಕ್ಕಳ ಹಾಕಿ ಕೂರುವಂತಿಲ್ಲ ಎಂದೂ ಹೇಳಿದ್ದರು. ಹೊರಡುವ ದಿನ ಬೆಳಿಗ್ಗೆ ಅವನು ಅದನ್ನು ಪಕ್ಕದ ಮನೆಯ ಮಾಸ್ತಪ್ಪನಿಗೆ ಹೇಳಿಬಿಟ್ಟ.

ಅವರ ಜನರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು ಪದ್ಧತಿ. ಮೈ ಸೆಟೆಯುವ ಮೊದಲೇ ಕಾಲು ಮಡಚಿ ಕೂರಿಸುವುದರಲ್ಲಿ ಮಾಸ್ತಪ್ಪನದು ಪಳಗಿದ ಕೈ. ಶಿಕಾರಿಪುರದ ಆ ಕೇರಿಯಲ್ಲಿ ಯಾರು ಲಿಂಗೈಕ್ಯರಾದರೂ ಮೊದಲು ಅವನಿಗೇ ಕರೆ. ಬದುಕಿರುವವರ ಕಾಲನ್ನೂ ಅವನು ಅದೇ ಕಣ್ಣಿನಿಂದ ನೋಡುತ್ತಿದ್ದ.

"ಅಲ್ಲ ಗಂಗಾಧರಪ್ಪ, ಸ್ಟೀಲ್ ಮಂಡಿ ಮಡಚಲ್ಲ ಅಂದ್ರೆ ನಿನ್ನ ಕೂರಿಸೋದು ಹೆಂಗೆ?"

"ಎಲ್ಲಿ ಕೂರಿಸೋದು?"

"ಗುಂಡಿಯಾಗೆ."

ಗಂಗಾಧರಪ್ಪ ಕುಡಿಯುತ್ತಿದ್ದ ಕಾಫಿಯನ್ನು ಕೆಳಗಿಟ್ಟ. ದಿನಾ ಬಚ್ಚಲಿಗೆ ಹೋಗಿ ಬರುವಷ್ಟರಲ್ಲೇ ಮಂಡಿನೋವಿಗೆ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಯಾರ ಹೆಗಲೂ ಹಿಡಿಯದೆ ಪೇಟೆಯವರೆಗೆ ನಡೆಯಬೇಕು, ಅವನಿಗಿದ್ದದ್ದು ಅದೊಂದೇ ಆಸೆ. ಆದರೆ ಅಪ್ಪ, ಅಜ್ಜ ಎಲ್ಲ ನೆಟ್ಟಗೆ ಕೂತು ಹೋದವರು. ತಾನೊಬ್ಬ ಕಾಲು ಚಾಚಿಕೊಂಡು ಹೋಗುವುದೆಂದರೇನು?

ಎದುರು ಮನೆಯ ರಾಧಮ್ಮ ಓಡಿ ಬಂದಳು. "ಗುಂಡಿನೇ ಸ್ವಲ್ಪ ಉದ್ದ ತೆಗೆದ್ರಾತು."

"ಪಂಕ್ತಿಯಾಗೆ ಊಟಕ್ಕೆ ಕಾಲು ಚಾಚಿ ಕೂತಂಗಾಗ್ತತಿ," ಎಂದ ಮಾಸ್ತಪ್ಪ.

"ಹಂಗಾರೆ ಮಂಡಿ ಬಿಚ್ಚಿಡ್ರಿ."

"ಸ್ಪ್ಯಾನರ್ ನೀನು ತರ್ತೀಯೇನು?"

ಒಳಗೆ ಚೀಲ ತುಂಬುತ್ತಿದ್ದ ಹೆಂಡತಿ ರಾಜೇಶ್ವರಮ್ಮ ಹೊರಗೆ ಬಂದಳು. "ರೀ, ಸತ್ತ ಮೇಲಿಂದು ಸತ್ತ ಮೇಲೆ ನೋಡಾಣ. ಈ ಬಸ್ಸು ತಪ್ಪಿದ್ರೆ ಆ ಡಾಕ್ಟ್ರು ಮತ್ತೆ ಸಿಗಲ್ಲ."

ಮಾಸ್ತಪ್ಪ ನ್ಯಾಯವಾದ ದಾರಿಯನ್ನೇ ಹೇಳಿದ. "ಈಗಿನ ಮಂಡಿ ಮಡಚತತೋ ಇಲ್ಲೋ ನೋಡಾಣ. ಇದೂ ಮಡಚದಿದ್ರೆ ಹೋಗೋದು ಏನೂ ಇಲ್ಲ, ಧೈರ್ಯವಾಗಿ ಹಾಕಿಸ್ಕೊ."

ಗಂಗಾಧರಪ್ಪ ಒಪ್ಪಿದ. ಚಾಪೆಯ ಮೇಲೆ ಇಳಿಸಿ ಒಂದು ಮಂಡಿಯನ್ನು ಮಾಸ್ತಪ್ಪ, ಇನ್ನೊಂದನ್ನು ಕೇರಿಯ ಇಬ್ಬರು ಒತ್ತಿದರು. ಒಣ ಸೌದೆ ಮುರಿದಂಥ ಸದ್ದಾಯಿತು. ಗಂಗಾಧರಪ್ಪನ ಕೂಗಿಗೆ ರಾಧಮ್ಮ ಮನೆಗೆ ಓಡಿದಳು.

"ನೋಡು, ಎಷ್ಟು ಚಂದ ಕೂತೀಯ," ಎಂದ ಮಾಸ್ತಪ್ಪ. ಎರಡು ಹೆಜ್ಜೆ ಹಿಂದೆ ಸರಿದು ಮತ್ತೊಮ್ಮೆ ನೋಡಿದ. ಇಷ್ಟು ಅಚ್ಚುಕಟ್ಟಾಗಿ ಸತ್ತವರೂ ಅವನಿಗೆ ಕೂತುಕೊಟ್ಟಿರಲಿಲ್ಲ.

ಮಡಚಿದ ಕಾಲು ಮತ್ತೆ ಬಿಚ್ಚಲೇ ಇಲ್ಲ. ಮಂಡಿಗಳು ನೋಡನೋಡುತ್ತ ಊದಿಕೊಂಡವು. ಬಸ್ಸಿನ ಹೊತ್ತಾಗಿತ್ತು. ಆಪರೇಷನ್ ಈಗಂತೂ ಆಗಲೇಬೇಕು ಎಂದು ರಾಜೇಶ್ವರಮ್ಮ ಹಟ ಹಿಡಿದಳು. ಗಂಡನನ್ನು ಕೂತ ಹಾಗೆಯೇ ಮರದ ಕುರ್ಚಿಯ ಮೇಲಿಟ್ಟು, ಬೀಳದಂತೆ ಶಾಲಿನಿಂದ ಕಟ್ಟಿ, ನಾಲ್ವರು ಹೆಗಲು ಕೊಟ್ಟರು.

ಪೇಟೆಯವರು ಕಂಡದ್ದಿಷ್ಟು: ಕುರ್ಚಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಗಂಗಾಧರಪ್ಪ, ಹಣೆಯಲ್ಲಿ ಬೆಳಗಿನ ಪೂಜೆಯ ವಿಭೂತಿ, ನೋವಿಗೆ ಮುಚ್ಚಿದ ಕಣ್ಣು. ಹಿಂದೆ ಅಳುತ್ತಿರುವ ಹೆಂಡತಿ. ಮುಂದೆ, ಎಂದಿನ ರೂಢಿಯಂತೆ, ಮಾಸ್ತಪ್ಪ. ಅಂಗಡಿಯವರು ಬಾಗಿಲು ಅರ್ಧಕ್ಕೆಳೆದು ಕೈಮುಗಿದರು.

ಬಸ್ಸು ಇನ್ನೂ ನಿಂತಿತ್ತು. ಗಂಗಾಧರಪ್ಪ ಕಣ್ಣು ಬಿಟ್ಟ. ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನ ಚನ್ನೇಶ್ ಕಣ್ಣೊರೆಸುತ್ತ ಬಂದವನು ಅಲ್ಲೇ ನಿಂತುಬಿಟ್ಟ. ಆಸ್ಪತ್ರೆಗೆ ಇವರ ಫೋನೆಲ್ಲ ಹೋಗುತ್ತಿದ್ದದ್ದು ಅವನ ಬೂತಿನಿಂದಲೇ.

"ಇದೀರೇನ್ರಿ?"

"ಇದೀನಿ. ಹತ್ತಿಸು."

"ದೂರದಿಂದ ನೋಡಿದ್ನ್ರಿ... ಆಸ್ಪತ್ರೆಯೋರು ಸುಮ್ನೆ ಕಾಯೋದು ಬೇಡ ಅಂತ ಈಗಷ್ಟೇ ಫೋನ್ ಮಾಡಿ ತಿಳಿಸ್ದೆ. ಪಾಪ ಅಂದ್ರು. ನಿಮ್ಮ ದಿನ ಬೇರೆಯೋರಿಗೆ ಕೊಟ್ರಂತೆ."

ಮತ್ತೆ ಫೋನು ಹಚ್ಚಿದರು. ಕುರ್ಚಿ ಬೂತಿನೊಳಗೆ ಹಿಡಿಸಲಿಲ್ಲ. ಚನ್ನೇಶ್ ರಿಸೀವರನ್ನು ಬಾಗಿಲಾಚೆ ಎಳೆದು ಗಂಗಾಧರಪ್ಪನ ಕಿವಿಗೆ ಹಿಡಿದ. ಹಿಂದೆ ಬಸ್ಸು ಹೊರಟಿತು.

"ಅವರಿಗೆ ಕೊಟ್ಟಾಯ್ತು ಸರ್, ವಾಪಸ್ ತಗೊಳ್ಳೋಕಾಗಲ್ಲ," ಎಂದಳು ಆ ಕಡೆಯ ಹುಡುಗಿ. "ಇನ್ನು ಮುಂದಿನ ವರ್ಷವೇ. ಹೇಗೂ ಬದುಕಿದ್ದೀರಲ್ಲ ಸರ್, ಕಾಯಬಹುದು."