ತುದಿಮನೆಯ ಬಿಸಿಲು

ಶಾಲನ: ಇಂಥಾ ಉರಿ ಬ್ಯಾಸಗ್ಯಾಗ ಗೀಜರ್ ಯಾಕ ಹಚ್ಚೀರ್ರಿ? ನಳದಾಗಿನ ನೀರ ಮದಲ ಕುದ್ಯಾಕತ್ತೇತಿ!

ಬಾಳಗೊಂಡ: ಜಳಕಕ್ಕಲ್ಲ. ವೋಲ್ಟೇಜ್ ಇಳಸಾಕ.

ಶಾಲನ: ಇಳೀತೇನು?

ಬಾಳಗೊಂಡ: ಬರೇ ನನ್ನ ಬೆವರ ಇಳೀತು.

ಬಾಳಗೊಂಡನ ಸಂಕಟ ದೊಡ್ಡದು. ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿ, ‘ಇನ್ನು ನಮ್ಮ ಕರೆಂಟ್ ಬಿಲ್ಲು ಸೊನ್ನೆ’ ಎಂದು ಕಬನೂರಿನ ಓಣಿಗೆಲ್ಲ ಡಂಗುರ ಸಾರಿದ್ದ. ಆದರೆ ಓಣಿಯ ಕರೆಂಟಿನ ಮಗ್ಗಗಳಿಗೆ ರಜೆ ಬಂದ ದಿನ ಅಲ್ಲಿ ಕರೆಂಟು ಉಣ್ಣುವವರೇ ಇಲ್ಲ. ಎಲ್ಲ ಮಾಳಿಗೆಗಳೂ ಒಂದೇ ತಂತಿಗೆ ಸುರಿಯುತ್ತವೆ, ವೋಲ್ಟೇಜು ಏರುತ್ತದೆ, ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ಬಾಳಗೊಂಡನ ಇನ್ವರ್ಟರು ಆ ಏರಿಕೆ ತಾಳದೆ ಎಲ್ಲರಿಗಿಂತ ಮೊದಲು ಬಂದಾಗಿ ಕಣ್ಣು ಮುಚ್ಚುತ್ತದೆ. ‘ಸೊನ್ನೆ ಎಲ್ಲೀತನಕ ಬಂತ್ರಿ?’ ಎಂದು ಓಣಿಯವರು ಕೇಳತೊಡಗಿದ್ದರು. ಮಾನ ಮೂರು ಕಾಸಿಗೆ ಬಂದಿತ್ತು.

ಟ್ರಾನ್ಸ್‌ಫಾರ್ಮರಿನ ಬಗಲಿಗಿರುವ ಮೊದಲ ಮನೆ ಶಾಲನಳ ತಮ್ಮ ಸಮ್ಮೇದನದು. ಅವನ ಇನ್ವರ್ಟರಿಗೆ ನಿದ್ದೆಯೆಂಬುದೇ ಗೊತ್ತಿಲ್ಲ. ಇದನ್ನು ಬಗೆಹರಿಸಲು ಬಾಳಗೊಂಡ ಮನೆಗೆ ಕರೆಸಿದ್ದಕ್ಕೆ ಅಕ್ಕನ ಗಂಡನನ್ನು ‘ದಾಜಿ, ದಾಜಿ’ ಎನ್ನುತ್ತ ನಗುನಗುತ್ತಲೇ ಬಂದು ಕುಳಿತಿದ್ದ. ಆ ನಗುವೇ ಬಾಳಗೊಂಡನಿಗೆ ಸೇರಲಿಲ್ಲ.

ಬಾಳಗೊಂಡ: ನಿನ್ನ ಕರೆಂಟ್ ತಂತ್ಯಾಗ ಚಕ್ಕಳಮಕ್ಕಳ ಹಾಕಿ ಕುಂತೈತಿ. ನಂದಕ್ಕ ಕಾಲ ಇಡಾಕ ಜಾಗಾ ಇಲ್ಲ.

ಸಮ್ಮೇದ: ಸರದ ಕುಂಡ್ರಾಕ ಅದೇನ ಎಸ್‌ಟಿ ಬಸ್ಸೇನ್ರಿ ದಾಜಿ?

ಶಾಲನ: ಹಂಗಾರ ಖಿಡಕ್ಯಾಗಿಂದ ಟಾವೆಲ್ ಒಗದ ಜಾಗಾ ಹಿಡೀರಿ.

ಬಾಳಗೊಂಡ: ನೀ ಸುಮ್ಮನಿರ! ಸಮ್ಮೇದ, ನಿನ್ನ ಮಾಳಿಗಿಗೂ ಅವನೇ ಸೂರ್ಯಾ, ನನ್ನ ಮಾಳಿಗಿಗೂ ಅವನೇ. ಬಂದ ಆಗೂದ ಮಾತ್ರ ಯಾವಾಗ್ಲೂ ನಂದ ಯಾಕ?

ಸಮ್ಮೇದ: ನೀವ ತುದೀಗಿ ಅದೀರಿ. ತುದೀಗಿ ವೋಲ್ಟೇಜ್ ಭಾಳ ಏರತೈತಿ ಅಂದಾನ ವಾಯರಮನ್. ಮಷೀನಿಗೆ ದಾಜಿ ಯಾರು, ಮೈದುನ ಯಾರು ಗೊತ್ತಿಲ್ಲರಿ.

ಬಾಳಗೊಂಡ: ತುದೀಗಿ ಇದ್ದಾಂವ ಮನಷ್ಯಾ ಅಲ್ಲೇನು? ಪಾಳಿ ಹಚ್ಚೂಣು. ಮಗ್ಗದ ಒಂದ ಸೂಟಿ ದಿನಾ ನೀ ಬಂದ ಮಾಡ, ಮುಂದಿನ ಸೂಟಿಗೆ ನಾ ಮಾಡತೇನಿ. ನ್ಯಾಯ ಅಂದ್ರ ನ್ಯಾಯ!

ಸಮ್ಮೇದ ಮುಖ ಅರಳಿಸಿ ಕುರ್ಚಿಯ ತುದಿಗೆ ಸರಿದು ಕುಳಿತ. ಇವನು ಇಷ್ಟು ಖುಷಿಪಡುವಂಥದ್ದು ತಾನೇನಂದೆ ಎಂದು ಬಾಳಗೊಂಡನಿಗೆ ಅಳುಕಾಯಿತು.

ಸಮ್ಮೇದ: ಇದ ಮಾತ ಅಕಿವಾಟದಾಗ ಆಡ್ರಿ.

ಬಾಳಗೊಂಡ: ನಡುವ ಅಕಿವಾಟ ಯಾಕ ಬಂತ?

ಸಮ್ಮೇದ: ಅಲ್ಲಿ ನೀರಿನ ಪೈಪಿನ ಬಾಯಾಗ ನಿಮ್ಮ ಹೊಲಾ, ತುದೀಗಿ ನಂದ. ನಿಮ್ಮ ಕಬ್ಬ ಕುಡದ ಕುಡದ ಡರ್ರಂತ ತೇಗಿದ ಮ್ಯಾಲ ನನಗ ನೀರ. ಪಾಳಿ ಹಚ್ಚೂಣು ಅಂದ್ರ ಹ್ವಾದ ವರ್ಷ ಏನಂದ್ರಿ?

ಶಾಲನ: ‘ನೀರಿಗೆ ದಾಜಿ ಯಾರು, ಮೈದುನ ಯಾರು ಗೊತ್ತಿಲ್ಲ’ ಅಂದಿದ್ರಿ.

ಬಾಳಗೊಂಡ: ನೀ ಯಾರ ಕಡೆ?

ಶಾಲನ: ಚಾ ಮಾಡೂ ಕಡೆ.

ಬಾಳಗೊಂಡ: ನೀರಿಂದ ಬ್ಯಾರೆ! ನೀರ ತಾನ ಹರೀತೈತಿ. ಅದು ನಿಸರ್ಗ.

ಸಮ್ಮೇದ: ಹೌದ್ರಿ. ಸೂರ್ಯಾ ಮಾತ್ರ ಗೋಕುಳ ಶಿರಗಾಂವ ಫೌಂಡ್ರ್ಯಾಗ ತಯಾರ ಆಗ್ಯಾನ.

ಬಾಳಗೊಂಡನಿಗೆ ನಿಜವಾಗಿಯೂ ನಾಚಿಕೆಯಾಯಿತು. ಆದರೆ ಮೈದುನನ ಎದುರಿಗೆ ನಾಚಿಕೆಪಟ್ಟರೆ ದಾಜಿತನ ಉಳಿದೀತೆ? ಅದಕ್ಕೇ ಸಿಟ್ಟಿನಿಂದಲೇ ಒಪ್ಪಿಕೊಂಡ.

ಬಾಳಗೊಂಡ: ಆತ ಮಾರಾಯಾ! ಇಲ್ಲಿ ಬಿಸಲಿಗೆ ಪಾಳಿ, ಅಲ್ಲಿ ನೀರಿಗೆ ಪಾಳಿ. ಆದ್ರ ಮದಲ ಇಲ್ಲಿ ಚಾಲೂ.

ಸಮ್ಮೇದ: ಮದಲ ಅಲ್ಲಿ.

ಬಾಳಗೊಂಡ: ಇಲ್ಲಿ!

ಸಮ್ಮೇದ: ಅಲ್ಲಿ!

ಇಲ್ಲಿ–ಅಲ್ಲಿಯಲ್ಲೇ ಬಿಸಿಲು ಇಳಿಯಿತು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ತುತ್ತು ಬಾಯಿಗೆ ಹೋಗುವಂತಿಲ್ಲ. ಇಬ್ಬರೂ ಎದ್ದೆವೋ ಬಿದ್ದೆವೋ ಎಂದು ಕೈ ತೊಳೆದು ಅಡುಗೆಮನೆಗೆ ಓಡಿದರು. ಅಲ್ಲಿ ಶಾಲನ ತಾಟಿನ ಮುಂದೆ ಕುಳಿತಿದ್ದಳು.

ಬಾಳಗೊಂಡ: ನೀ ಯಾಕ ಕುಂತಿ? ಬಡಸ, ಹೊತ್ತ ಮುಳಗಾಕತ್ತೇತಿ!

ಶಾಲನ: ಲಗ್ನ ಆದಾಗಿಂದ ಈ ಮನ್ಯಾಗ ಕಡೀಕ ಉಣ್ಣಾಕಿ ನಾನು. ನೀವ ಉಂಡ ಉಳದ್ರ ಪಲ್ಯಾ, ಇಲ್ಲಾಂದ್ರ ಬರೇ ಚಟ್ನಿ. ತುದೀಗಿ ಇದ್ದಾಕಿನೂ ಮನಷ್ಯಾಳ ಅಲ್ಲೇನ್ರಿ? ಇವತ್ತಿಂದ ಇಲ್ಲೂ ಪಾಳಿ. ಬಡಸ್ರಿ.

ಸಮ್ಮೇದ: ಅಕ್ಕಾ, ಮೂರೂ ಮಂದಿ ಕೂಡೇ ಉಣ್ಣೂಣಲ್ಲ!

ಶಾಲನ: ಕೂಡೇ ಉಣ್ಣಾಕ ಬರತೈತಿ ಅನ್ನೂದು ಇಷ್ಟ ವರ್ಷ ಯಾರಿಗೂ ಹೊಳೀಲೇ ಇಲ್ಲ ನೋಡ! ಹೂಂ, ರೊಟ್ಟಿ ಹಾಕ್ರಿ.

ಸ್ವಂತ ಮನೆಯಲ್ಲೇ ತುಪ್ಪ ಎಲ್ಲಿದೆ, ಉಪ್ಪು ಎಲ್ಲಿದೆ ಗೊತ್ತಿಲ್ಲದ ಬಾಳಗೊಂಡ ಡಬ್ಬಿ ಡಬ್ಬಿ ತೆರೆದ. ಸಮ್ಮೇದ ಪಲ್ಯದ ಬೋಗುಣಿ ಹಿಡಿದು ಅವನಿಗೇ ಡಿಕ್ಕಿ ಹೊಡೆದ. ಶಾಲನ ಮಾತ್ರ ನಿಧಾನವಾಗಿ ತುತ್ತು ಮುರಿಯುತ್ತ, ಇನ್ನೊಂದು ರೊಟ್ಟಿ ಕೇಳಿದಳು, ಮೇಲೆ ಮೊಸರು ಕೇಳಿದಳು, ಕೈ ತೊಳೆದಳು. ಆಮೇಲೆ ಕಿಟಕಿಯಿಂದ ಹೊರಗೆ ನೋಡಿದಳು.

ಶಾಲನ: ಅಯ್ಯ, ಹೊತ್ತ ಮುಳುಗೇ ಬಿಡ್ತು! ನಿಮ್ಮ ಪಾಳಿ ನಾಳಿಗಿ ಬರತೈತ್ರಿ.