ನಂಗು ಮೀನಿನ ಬೇಟೆಯೂ ಬೀಗರ ಪಂಚೆಯೂ

"ಈಟಿಯಿಂದ ಹೊಡೆದ ನಂಗು ಮೀನು ಕೈಯಲ್ಲಿಲ್ಲದೆ ಶ್ರೀನಿವಾಸಪುರಕ್ಕೆ ವಾಪಸ್ ಕಾಲಿಡೋದಿಲ್ಲ!"

ನಾನು, ಅಂದರೆ ಮಾವಿನ ಮಂಡಿಯ ಮುನಿಕೃಷ್ಣ, ನಡುಮನೆಯಲ್ಲಿ ನಿಂತು ಹೀಗೆ ಶಪಥ ಮಾಡಿದಾಗ ನನ್ನ ಹೆಂಡತಿ ಸುನಂದ ಹುರುಳಿಕಾಳು ಆರಿಸುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಗೋಡೆ ಮೇಲಿನ ಹಲ್ಲಿ ಓಡಿಸ್ರೀ ಅಂದ್ರೆ ಮಂಚ ಹತ್ತಿ ಕೂರ್ತೀರಿ. ಸಮುದ್ರದ ಮೀನು ಹೊಡೀತಾರಂತೆ!"

"ಲೇ, ಹಲ್ಲಿ ಬೇರೆ, ಬೇಟೆ ಬೇರೆ ಕಣೇ!"

"ಹೌದೌದು. ಹಲ್ಲಿ ಓಡಿಸೋಕೆ ಧೈರ್ಯ ಬೇಕು, ಬೇಟೆಗೆ ಬಾಯಿ ಇದ್ರೆ ಸಾಕು."

ಈ ಶಪಥಕ್ಕೆ ಕಾರಣ ನಮ್ಮ ಬೀಗರು. ನಮ್ಮ ಮಗಳು ಶಿವಾನಿ ಮಾಲೂರಿನಲ್ಲಿ ಟೀಚರ್. ಅಲ್ಲೇ ಬ್ಯಾಂಕಿನಲ್ಲಿದ್ದ ಕುಂದಾಪುರದ ಕಡೆಯ ಹುಡುಗನನ್ನು ಮೆಚ್ಚಿ ಮದುವೆಯಾದಳು. ಹುಡುಗ ಬಂಗಾರ. ಹುಡುಗನ ತಂದೆ ಸಂಜೀವಣ್ಣ ಮಾತ್ರ ಮದುವೆಯ ಊಟಕ್ಕೆ ಕೂತಲ್ಲೇ ಶುರು ಮಾಡಿದರು. ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಆದರೆ ಮಾತು ಕೇಳಿದರೆ ಇಡೀ ಅರಬ್ಬಿ ಸಮುದ್ರಕ್ಕೆ ಇವರೇ ಪಟೇಲರು!

"ನಂಗು ಅಂದ್ರೆ ಎಂತ ಗೊತ್ತುಂಟಾ ಬೀಗರೇ? ಚಪ್ಪಟೆ ಮೀನು. ಅಳಿವೆ ಬದಿಯಲ್ಲಿ, ಮೊಣಕಾಲು ನೀರಲ್ಲಿ, ಮರಳು ಹೊದ್ದು ಮಲಗ್ತದೆ. ಕಾಣುದು ಎರಡು ಕಣ್ಣು ಮಾತ್ರ. ಅದನ್ನು ನೋಡಿ, ಕೈಯಲ್ಲೇ ಈಟಿ ಹಿಡಿದು, ಒಂದೇ ಏಟು! ನಮ್ಮ ಅಜ್ಜನ ಕಾಲದಿಂದ ಬಂದ ವಿದ್ಯೆ. ನಿಮಗೆಲ್ಲ ಪಾಪ, ಕೆರೆ ಮೀನೇ ಗತಿ ಅಲ್ವಾ?"

ಪಾಪ! ಆ 'ಪಾಪ' ನನ್ನ ಗಂಟಲಲ್ಲಿ ಮುಳ್ಳಾಗಿ ನಿಂತಿತು. ಕೋಲಾರ ಜಿಲ್ಲೆಗೆ ಸಮುದ್ರವಿಲ್ಲ, ನಿಜ. ಅದು ಸೃಷ್ಟಿಕರ್ತನ ಲೋಪವೇ ಹೊರತು ನನ್ನದಲ್ಲ. ತುತ್ತತುದಿಯ ಕೊಂಬೆಯಲ್ಲಿರುವ ಬಾದಾಮಿ ಮಾವನ್ನು ಪಕ್ಕದ ಎಲೆ ಅಲುಗದಂತೆ ದೋಟಿಯಿಂದ ಇಳಿಸುವ ಕೈ ನನ್ನದು. ಮೇಲಿದ್ದುದನ್ನು ಹೊಡೆಯುವವನಿಗೆ ಕಾಲ ಬುಡದಲ್ಲಿದ್ದುದು ಕಷ್ಟವೇ? ಊಟದ ಎಲೆಯ ಮುಂದೆಯೇ ಘೋಷಿಸಿದೆ: "ಬೀಗರೇ, ಸಂಕ್ರಾಂತಿ ಕಳೀಲಿ. ನಿಮ್ಮೂರಿಗೆ ಬಂದು ನಿಮ್ಮ ನಂಗು ಹೊಡೆದು ತೋರಿಸ್ತೀನಿ!"

ಸಂಕ್ರಾಂತಿ ಕಳೆಯಿತು, ನಡುಮನೆಯಲ್ಲಿ ಶಪಥವೂ ಆಯಿತು. ಹುರುಳಿಕಾಳಿನ ಮೊರ ಪಕ್ಕಕ್ಕಿಟ್ಟು ಸುನಂದ ಈಗ ತಲೆ ಎತ್ತಿದಳು.

"ಆಯ್ತು. ಮೀನು ಹೊಡೆದು ತಂದ್ರೆ ನಾನೇ ಹುರಿದು ಬಡಿಸ್ತೀನಿ, ಊರೆಲ್ಲಾ ಹೊಗಳ್ಕೊಂಡು ಬರ್ತೀನಿ. ತರಲಿಲ್ಲ ಅಂದ್ರೆ?"

"ಅಂದ್ರೆ ಏನು? ಕೇಳು!"

"ಈ ಸೀಸನ್ ಪೂರ್ತಿ ಮಂಡಿಯ ತಿರುಗೋ ಕುರ್ಚಿಲಿ ನಾನು ಕೂರ್ತೀನಿ. ನೀವು ತೋಟದಲ್ಲಿ ದೋಟಿ ಹಿಡೀಬೇಕು."

ಮಂಡಿಯಲ್ಲಿ ನನಗಿರುವುದು ಆ ಕುರ್ಚಿಯೊಂದೇ. ಅದರಲ್ಲಿ ಕೂತು, ಅರ್ಧ ಸುತ್ತು ಈ ಕಡೆ ತಿರುಗಿ ರೈತನಿಗೆ "ನೋಡೋಣ" ಎನ್ನುವುದು, ಅರ್ಧ ಸುತ್ತು ಆ ಕಡೆ ತಿರುಗಿ ವ್ಯಾಪಾರಿಗೆ "ಆಗಲ್ಲ" ಎನ್ನುವುದು, ಇದೇ ನನ್ನ ಸಾಮ್ರಾಜ್ಯ. ಕುರ್ಚಿ ಹೋದರೆ ಮುನಿಕೃಷ್ಣ ಹೋದ. ಆದರೂ ಶಪಥ ಮಾಡಿದ ಬಾಯಿ, "ಆಗಲಿ!" ಎಂದುಬಿಟ್ಟಿತು.

ಆಯುಧ ಬೇಕಲ್ಲ? ನನ್ನ ದೋಟಿಯನ್ನೇ ಮುಳಬಾಗಿಲಿನ ವೆಲ್ಡಿಂಗ್ ಅಂಗಡಿಗೆ ಒಯ್ದೆ. ತುದಿಗೆ ಮೂರು ಮೊನೆ ಕೂರಿಸಿದವನು ಕೇಳಿದ, "ಅಣ್ಣಾ, ಪಕ್ಕದಲ್ಲಿರೋ ಕೊಕ್ಕೆ ತೆಗೆದ್ಬಿಡ್ಲಾ?"

"ಏಯ್, ಬೇಡಪ್ಪಾ! ಸೀಸನ್‌ಗೆ ಮತ್ತೆ ಬೇಕಾಗುತ್ತೆ."

ಈ ಒಂದು ವಾಕ್ಯವನ್ನು ದಯವಿಟ್ಟು ನೆನಪಿಡಿ. ಮಂಡಿಯವರ ಬುದ್ಧಿ! ಒಂದು ಕೊಕ್ಕೆ ಉಳಿಸಲು ಹೋಗಿ ಏನೇನು ಕಳೆದುಕೊಂಡೆ ಎಂಬುದೇ ಮುಂದಿನ ಕಥೆ.

ಮೊದಲು ಮನೆಯಲ್ಲೇ ಅಭ್ಯಾಸ ಮಾಡಿದೆ. ಸುನಂದಳ ಹೊಸ ಟಬ್ಬಿಗೆ ನೀರು ತುಂಬಿ, ತಳದಲ್ಲಿ ರಾತ್ರಿ ಉಳಿದ ಚಪಾತಿಯಿಟ್ಟು, ತೇಲದಂತೆ ಅಂಚಿಗೆ ಕಲ್ಲು ಹೇರಿದೆ. ಮೀಸೆ ತಿರುವಿದೆ. ಉಸಿರು ಬಿಗಿಹಿಡಿದೆ. ಹೊಡೆದೆ! ಏಟು ಚಪಾತಿಗೆ ಬಿತ್ತು, ಸಂಶಯವಿಲ್ಲ. ಚಪಾತಿ ದಾಟಿ, ಟಬ್ಬು ದಾಟಿ, ನೆಲಕ್ಕೆ ತಾಗಿತು. ಮೂರು ತೂತು! ಅಂಗಳಕ್ಕೆ ಹರಿದ ನೀರು ಅಲ್ಲಿ ಒಣಹಾಕಿದ್ದ ರಾಗಿಯನ್ನೆಲ್ಲ ಎತ್ತಿಕೊಂಡು ಗೇಟಿನಾಚೆ ಹೊರಟಿತು. ಕೋಪ ನೆತ್ತಿಗೇರಿದರೆ ನನ್ನ ಹೆಂಡತಿಯ ಕನ್ನಡ ತಾನಾಗಿಯೇ ಆಂಧ್ರದ ಗಡಿ ದಾಟುತ್ತದೆ.

"ಸಿಗ್ಗು ಲೇದಾ ಮೀಕು? ನಾಚಿಕೆ ಬೇಡ್ವಾ? ಯಾರಾದ್ರೂ ಟಬ್ಬಲ್ಲಿ ಚಪಾತಿ ಬೇಟೆ ಆಡ್ತಾರಾ?"

"ಗುರಿ ನೋಡು ಸುನಂದಾ, ಗುರಿ! ಸರಿಯಾಗಿ ಮಧ್ಯಕ್ಕೆ ಬಿದ್ದಿದೆ!"

"ರಾಗಿ ಬಳಿದು ಎತ್ತಿ. ಅದೂ ರಸ್ತೆ ಮಧ್ಯಕ್ಕೇ ಬಿದ್ದಿದೆ."

ಕಾರಿನ ಮೇಲೆ ದೋಟಿ ಕಟ್ಟಿ, ತುದಿಗೆ ಕೆಂಪು ಬಟ್ಟೆ ಬಿಗಿದು, ನಾವಿಬ್ಬರೂ ಕುಂದಾಪುರಕ್ಕೆ ಹೊರಟೆವು. ದಾರಿಯುದ್ದಕ್ಕೂ ಟೋಲ್‌ನವರು "ಮಾವು ಇನ್ನೂ ಹೂವಲ್ಲೇ ಇದೆಯಲ್ಲ ಸಾರ್?" ಎಂದು ಕೇಳಿದರು. ನಾನು ಗಾಜು ಏರಿಸಿದೆ. ಯುದ್ಧಕ್ಕೆ ಹೊರಟವರು ದಾರಿಯಲ್ಲಿ ಹರಟುವುದಿಲ್ಲ.

ಮರುದಿನ ಬೆಳಿಗ್ಗೆ ನೀರು ಇಳಿದಿತ್ತು. ಹೆಂಗಸರನ್ನು ಮನೆಯಲ್ಲೇ ಬಿಟ್ಟು, ಬುಟ್ಟಿ ಹಿಡಿದು, ಉಪ್ಪುನೀರು ಕಾರಿಗೆ ಬೇಡವೆಂದು ಆಟೊ ಹತ್ತಿ ಇಬ್ಬರು ಬೀಗರು ಅಳಿವೆಗೆ ಬಂದೆವು. ದೋಟಿಯ ಮುಕ್ಕಾಲು ಪಾಲು ಆಟೊದ ಹೊರಗಿತ್ತು. ಸಂಜೀವಣ್ಣ ಗಂಜಿ ಹಾಕಿದ ಬಿಳಿ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಅಜ್ಜನ ಕಾಲದ ತುಕ್ಕು ಹಿಡಿದ ಈಟಿಯೊಂದಿಗೆ ನೀರಿಗಿಳಿದರು. ಹಿಂದೆ ನಾನು.

"ಕಾಲು ಎತ್ತಿಡಬೇಡಿ ಮಾರಾಯ್ರೆ, ಎಳೆದು ಎಳೆದು ನಡೀರಿ. ಮೀನು ಹೆದರ್ತದೆ."

ಮೀನು ಹೆದರಿತೋ ಇಲ್ಲವೋ, ನಾನು ಹೆದರಿದೆ. ಹುಟ್ಟಿದಾಗಿನಿಂದ ನಿಂತ ನೀರನ್ನು ಮಾತ್ರ ಕಂಡವನು. ಇಲ್ಲಿನ ನೀರು ಬಂದು ಕಾಲು ಸವರುತ್ತದೆ, ಹೋಗುವಾಗ ಕಾಲಡಿಯ ಮರಳನ್ನೂ ಕದ್ದು ಹೋಗುತ್ತದೆ! ಸೂರ್ಯ ನೆತ್ತಿಯತ್ತ ಏರುವವರೆಗೆ ಕಾಲೆಳೆದೆವು. ಸಿಕ್ಕಿದ್ದು ಒಂದು ಹಳೇ ಚಪ್ಪಲಿ. ಅದನ್ನು ನಾನು ಒಂದೇ ಏಟಿಗೆ ಹೊಡೆದೆ ಎಂಬುದನ್ನು ದಾಖಲೆಗಾಗಿ ಹೇಳಿಡುತ್ತೇನೆ.

ಆಗ ಕಂಡವು. ಮರಳಿನಲ್ಲಿ ಎರಡು ಕಣ್ಣು! ಎರಡೂ ಒಂದೇ ಬದಿಗೆ! ನಮ್ಮ ಮಂಡಿಗೆ ಬರುವ ದಲ್ಲಾಳಿಗಳ ನೆನಪಾಯಿತು. ಅವರೂ ಎರಡೂ ಕಣ್ಣನ್ನು ಒಂದೇ ಕಡೆ ಇಟ್ಟಿರುತ್ತಾರೆ.

"ಹೊಡೀರಿ ಬೀಗರೇ, ಹೊಡೀರಿ!" ಎಂದು ಸಂಜೀವಣ್ಣ ಪಿಸುಗುಟ್ಟಿದರು.

ತಿರುಗುವ ಕುರ್ಚಿ ಕಣ್ಣ ಮುಂದೆ ಬಂತು. ದೋಟಿ ಎತ್ತಿದೆ. ನೇರವಾಗಿ ಕೆಳಗೆ ಚುಚ್ಚಬೇಕು, ಅಷ್ಟೇ. ತಲೆಗೆ ಗೊತ್ತಿತ್ತು. ಆದರೆ ಕೈ? ಹುಡುಗನಾಗಿದ್ದಾಗಿನಿಂದ ಮಾವು ಕಿತ್ತ ಕೈಗೆ ತಲೆಯ ಮಾತು ಕೇಳುವ ಅಭ್ಯಾಸವೇ ಇಲ್ಲ. ದೋಟಿ ಮೇಲೆ ಹೋಗಿದ್ದೇ ತಡ, ಅದು ತನ್ನ ಪಾಡಿಗೆ ತನ್ನ ಕೆಲಸ ಮಾಡಿತು: ಕೊಕ್ಕೆ ಸಿಕ್ಕಿಸು, ತಿರುಚು, ಜಗ್ಗು!

ಕೊಕ್ಕೆ ಸಿಕ್ಕಿದ್ದು ಎದುರಿಗೆ ಬಗ್ಗಿ ನಿಂತಿದ್ದ ಬೀಗರ ಪಂಚೆಗೆ.

ಎಂಥ ಕೀಳುವಿಕೆ ಅಂತೀರಿ! ಒಂದು ದಾರ ಹರಿಯಲಿಲ್ಲ, ಒಂದು ಗೀರು ಬೀಳಲಿಲ್ಲ. ಪಂಚೆ ಸಲೀಸಾಗಿ ಕಳಚಿ ದೋಟಿಯ ತುದಿಗೆ ಬಂದು, ಗಾಳಿಯಲ್ಲಿ ಬಾವುಟವಾಗಿ ಹಾರಾಡಿ, ಜಾರಿ ನೀರಿಗೆ ಬಿದ್ದು, ಅರಬ್ ದೇಶದ ದಿಕ್ಕಿಗೆ ಪ್ರಯಾಣ ಬೆಳೆಸಿತು. ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತ ಸಂಜೀವಣ್ಣ ಒಮ್ಮೆ ಪಂಚೆಯನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಮೀನು ಆಗಲೇ ಹೋಗಿತ್ತು.

"ಎಂತ ಮಾರಾಯ್ರೆ ಇದು! ಮೀನು ಕೆಳಗುಂಟು, ನೀವು ನನ್ನನ್ನು ಕೊಯ್ಯುದಾ?"

"ಕ್ಷಮಿಸಿ ಬೀಗರೇ, ಕೈ ತಪ್ಪೋಯ್ತು! ನನ್ನ ಹೆಗಲ ಟವೆಲ್ ಸುತ್ಕೊಳ್ಳಿ. ಈಗ ನೀವೇ ಒಂದು ಹೊಡೆದ್ಬಿಡಿ, ನನ್ನ ಮಾನ ಉಳಿಸಿ. ಕುರ್ಚಿ ಹೋಗುತ್ತೆ!"

ಸಂಜೀವಣ್ಣ ಟವೆಲ್ ಸುತ್ತಿಕೊಂಡು ಗಂಟು ಬಿಗಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಹೊಡೀತಿದ್ದದ್ದು ಅಜ್ಜ. ನಾನು ಮಾರ್ಕೆಟ್ಟಿಂದ ತರುದು. ಮನೆಯಲ್ಲಿ ಹೇಳ್ಬೇಡಿ ಆಯ್ತಾ?"

ಅಯ್ಯೋ, ಆ ಕ್ಷಣದಲ್ಲಿ ಅವರ ಮೇಲೆ ಉಕ್ಕಿದ ಪ್ರೀತಿ ಮದುವೆಯ ದಿನ ಕೂಡ ಉಕ್ಕಿರಲಿಲ್ಲ! ಇಬ್ಬರೂ ಒಂದೇ ಜಾತಿ, ಬಾಯಿ ಜಾತಿ.

ಅಲ್ಲಿಂದ ಆಟೊ ನೇರ ಮೀನು ಮಾರ್ಕೆಟ್ಟಿಗೆ. ಟವೆಲ್‌ನಲ್ಲಿ ಇಳಿಯಲಾರದೆ ಬೀಗರು ಆಟೊದೊಳಗೇ ಮುದುಡಿ ಕೂತರು. ನಾನೊಬ್ಬನೇ ಹೋಗಿ ನಾಲ್ಕು ನಂಗು ಆರಿಸಿದೆ.

"ಕ್ಲೀನ್ ಮಾಡಿ ಕೊಡುದಾ?" ಎಂದು ಮೀನಿನಾಕೆ ಕೇಳಿದಳು.

"ಹೂಂನಮ್ಮಾ, ನೀಟಾಗಿ ಮಾಡ್ಕೊಡು" ಎಂದು ಊರಿನ ಅಭ್ಯಾಸದಂತೆ ಹೇಳಿ, ನಾನು ಬೀಗರಿಗೊಂದು ಲುಂಗಿ ತರಲು ಪಕ್ಕದ ಅಂಗಡಿಗೆ ಹೋದೆ. ಬರುವಷ್ಟರಲ್ಲಿ ಮೀನು ಕವರಿನಲ್ಲಿ ತಯಾರಿತ್ತು.

ಮನೆಯ ತಿರುವಿನಲ್ಲಿ ನೀಲಿ ಲುಂಗಿ ಉಟ್ಟ ಬೀಗರು, "ನೀವು ಎದುರಿಂದ ಹೋಗಿ, ನಾನು ಹಿತ್ತಿಲಿಂದ ಬಂದು ಪಂಚೆ ಉಟ್ಕೊಳ್ತೇನೆ" ಎಂದು ಇಳಿದು ಓಡಿದರು. ನಾನು ಕವರನ್ನು ಬುಟ್ಟಿಗೆ ಸುರಿದು, ದೋಟಿಯ ಮೊನೆಯಿಂದ ಪ್ರತಿ ಮೀನಿಗೂ ಮೂರು ಮೂರು ತೂತು ಹಾಕಿದೆ. ಮೀನುಗಳಿಗೆ ತಲೆ ಇರಲಿಲ್ಲ. ಪರವಾಗಿಲ್ಲ, ಅದಕ್ಕೂ ಒಂದು ಕಥೆ ಹೊಸೆದೆ. ಬೆಳ್ಳಗೆ ನುಣ್ಣಗಿದ್ದವು. ನಂಗು ಹೀಗೇ ಇರುತ್ತದೆ ಅಂದುಕೊಂಡೆ.

ಜಗಲಿಯಲ್ಲಿ ಸುನಂದ ಮತ್ತು ಬೀಗಿತ್ತಿ ಗಿರಿಜಕ್ಕ ತೆಂಗಿನಕಾಯಿ ತುರಿಯುತ್ತಿದ್ದರು. ನಾನು ಬುಟ್ಟಿಯನ್ನು ಧೊಪ್ಪೆಂದು ಇಟ್ಟೆ.

"ತಗೋ! ಹುರಿ! ಬಡಿಸು!"

ಇಬ್ಬರೂ ಬಗ್ಗಿ ನೋಡಿದರು. ಗಿರಿಜಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸುನಂದ ಬಹಳ ವಿನಯದಿಂದ ಕೇಳಿದಳು. ಅವಳ ವಿನಯ ಕಂಡಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

"ಇವು ನೀರಲ್ಲಿ ಓಡಾಡ್ತಾ ಇದ್ವಾ?"

"ಓಡಾಡ್ತಾ ಇದ್ವಾ ಅಂತೀಯಾ! ಅತ್ತ ಓಡ್ತು, ಇತ್ತ ಓಡ್ತು, ನಾನು ಬಿಡ್ತೀನಾ?"

"ತಲೆ ಎಲ್ಲಿ?"

"ಏಟಿನ ರಭಸಕ್ಕೆ ಹಾರಿಹೋಯ್ತು!"

"ನಾಲ್ಕಕ್ಕೂ?"

"ನಾಲ್ಕಕ್ಕೂ! ಏಟು ಅಂದ್ರೆ ಏಟು ಕಣೇ!"

"ಮತ್ತೆ ಚರ್ಮ?"

"ಯಾವ ಚರ್ಮ?"

"ನಂಗಿಗೆ ಮೇಲೆ ಕಂದು ಬಣ್ಣದ ಒರಟು ಚರ್ಮ ಇರುತ್ತಂತಲ್ರೀ. ಅದನ್ನ ಸುಲಿದೇ ಹುರೀಬೇಕು ಅಂತ ಗಿರಿಜಕ್ಕ ಈಗ ತಾನೇ ಹೇಳ್ಕೊಟ್ರು. ನಿಮ್ಮ ಮೀನು ತಾನೇ ಸುಲ್ಕೊಂಡು ಈಜ್ತಾ ಇತ್ತಾ? ಮರದಲ್ಲೇ ಸಿಪ್ಪೆ ತಕ್ಕೊಂಡು ನೇತಾಡೋ ಮಾವಿನ ಹಣ್ಣು ಎಲ್ಲಾದ್ರೂ ನೋಡಿದೀರಾ?"

ಆಗಲೇ ಒಳಗಿನಿಂದ ಸಂಜೀವಣ್ಣನವರ ಪ್ರವೇಶ! ನನ್ನನ್ನು ಕಾಪಾಡುವ ಉತ್ಸಾಹದಲ್ಲಿ ಲುಂಗಿ ಬದಲಿಸುವುದನ್ನೇ ಮರೆತಿದ್ದರು.

"ಬೀಗರ ಬೇಟೆ ಅಂದ್ರೆ ಬೇಟೆ! ಎರಡು ಕಣ್ಣು ಪಿಳಿಪಿಳಿ ಬಿಡ್ತಾ ಇತ್ತು. ಬೇಕಾದ್ರೆ ನೋಡಿ, ಬುಟ್ಟಿಯಲ್ಲಿ ಈಗಲೂ ಹಾಗೇ ನೋಡ್ತಾ ಉಂಟು!"

ಬುಟ್ಟಿಯಲ್ಲಿ ನೋಡಲು ಯಾರಿಗೂ ಕಣ್ಣಿರಲಿಲ್ಲ. ಗಿರಿಜಕ್ಕ ಗಂಡನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಕೇಳಿದರು, "ಬೆಳಿಗ್ಗೆ ಉಟ್ಟ ಬಿಳಿ ಪಂಚೆ ಎಲ್ಲುಂಟು? ಅದನ್ನೂ ಮಾರ್ಕೆಟ್ಟಿನವಳೇ ಸುಲಿದದ್ದಾ?"

ಆ ಮಧ್ಯಾಹ್ನ ಮೀನು ಬಹಳ ರುಚಿಯಾಗಿತ್ತಂತೆ. ಹೆಂಗಸರಿಬ್ಬರೂ ನಗುತ್ತಾ ಒಬ್ಬರಿಗೊಬ್ಬರು ಬಡಿಸಿಕೊಂಡು ತಿಂದರು. ನಮಗಿಬ್ಬರಿಗೆ ಸಿಕ್ಕಿದ್ದು ಗಂಜಿ, ಉಪ್ಪಿನಕಾಯಿ. ಮಾವಿನದೇ.

ಈಗ ಸೀಸನ್. ಸುನಂದ ಮಂಡಿಯ ಕುರ್ಚಿಯಲ್ಲಿ ಅರ್ಧ ಅಲ್ಲ, ಪೂರ್ತಿ ಸುತ್ತು ತಿರುಗುತ್ತಾಳೆ. ವ್ಯಾಪಾರ ನನ್ನ ಕಾಲಕ್ಕಿಂತ ಚೆನ್ನಾಗಿದೆ ಎಂದು ಜನ ನನ್ನ ಮುಖಕ್ಕೇ ಹೇಳುತ್ತಾರೆ. ನಾನು ತೋಟದಲ್ಲಿ ದೋಟಿ ಹಿಡಿದು ನಿಂತಿದ್ದೇನೆ. ಮೂರು ಮೊನೆ ತೆಗೆಸಿದ್ದೇನೆ, ಕೊಕ್ಕೆ ಹಾಗೇ ಇದೆ. ನಿನ್ನೆ ಅವಳು ದಲ್ಲಾಳಿಗಳನ್ನೆಲ್ಲ ಕರೆದುಕೊಂಡು ಫಸಲು ತೋರಿಸಲು ತೋಟಕ್ಕೆ ಬಂದಳು. ನಾನು ತುದಿಕೊಂಬೆಯ ಬಾದಾಮಿಗೆ ದೋಟಿ ಚಾಚಿ ಕಣ್ಣು ಕಿರಿದು ಮಾಡಿ ಗುರಿಯಿಟ್ಟೆ. ಇಷ್ಟು ಜನರ ಮುಂದೆ ಕೈಚಳಕ ತೋರಿಸುವ ಅವಕಾಶ ಮತ್ತೆ ಸಿಕ್ಕೀತೇ!

ಹಿಂದಿನಿಂದ ಅವಳ ಧ್ವನಿ ಬಂತು.

"ರೀ! ಸಿಪ್ಪೆ ಸಮೇತ ಕೀಳ್ರೀ!"